ಅಲ್ಲಿ ಅಂದರೆ ಎಲ್ಲಿ?

ಮೊನ್ನೆ ಮಂಗಳವಾರ ಐರೋಲಿಯ ಆಫೀಸಿನಲ್ಲಿ ಮತ್ತೆ ಅದೇ ಆಯಿತು. ಕೋಡ್ ಬರೆಯುವ ವಿಮ್ ಎಡಿಟರ್‌ನಲ್ಲಿ ಎಡಗಡೆ ಫೈಲುಗಳ ಪಟ್ಟಿ, ಬಲಗಡೆ ಕೋಡ್. ಪಟ್ಟಿಯಲ್ಲಿ ಬೇಕಾದ ಹೆಸರಿನ ಮೇಲೆ ಹೋಗಿ ಎಂಟರ್ ಒತ್ತಿದೆ. ಫೈಲು ತೆರೆಯಿತು, ನಿಜ. ಆದರೆ ಬಲಗಡೆ ಅಲ್ಲ, ಪಟ್ಟಿ ಇದ್ದ ಜಾಗದಲ್ಲೇ. 30 ಅಕ್ಷರ ಅಗಲದ ಆ ಓಣಿಯಲ್ಲಿ 300 ಸಾಲಿನ ಫೈಲು ಮುದುಡಿಕೊಂಡು ಕೂತಿತ್ತು. ಪಟ್ಟಿ ಮಾಯ. ಬಲಗಡೆಯ ದೊಡ್ಡ ಕಿಟಕಿ ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ಹಳೇ ಫೈಲನ್ನೇ ತೋರಿಸುತ್ತಿತ್ತು.

ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಹತ್ತು ವರ್ಷಕ್ಕಿಂತ ಜಾಸ್ತಿ ಆಯಿತು ವಿಮ್ ಹಿಡಿದು. ನನ್ನ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಯಾವತ್ತೋ ಮದ್ದು ಮಾಡಿಟ್ಟುಕೊಂಡಿದ್ದೇನೆ. ಆದರೆ ಮಂಗಳವಾರ ನಾನಿದ್ದದ್ದು ಬೇರೆಯವರ ಸರ್ವರಿನಲ್ಲಿ. ಅಲ್ಲಿ ಪ್ಲಗಿನ್, ಅಂದರೆ ಮೇಲಿಂದ ಸೇರಿಸುವ ತುಣುಕು ಪ್ರೋಗ್ರಾಂ, ಹಾಕುವ ಹಾಗಿಲ್ಲ. ಇಂಟರ್ನೆಟ್ಟೂ ಇಲ್ಲ. ವಿಮ್ ಜೊತೆ ಏನು ಬರುತ್ತದೋ ಅಷ್ಟರಲ್ಲೇ ಸಂಸಾರ ಮಾಡಬೇಕು. ಅಂದರೆ ನೆಟ್‌ಆರ್‌ಡಬ್ಲ್ಯೂ. ಚಾರ್ಲ್ಸ್ ಕ್ಯಾಂಪ್‌ಬೆಲ್ ಅನ್ನುವವರು ಬರೆದ ಈ ಎಕ್ಸ್‌ಪ್ಲೋರರ್ 2006ರಲ್ಲಿ ಬಂದ ವಿಮ್ 7ರಿಂದ ಫೋಲ್ಡರ್ ತೋರಿಸುವ ಕೆಲಸ ಮಾಡುತ್ತಿದೆ. ಹೆಸರೇ ಬಾಯಿಗೆ ತಿರುಗುವುದಿಲ್ಲ. ಆದರೆ ಯಾವ ಸರ್ವರಿಗೆ ಹೋದರೂ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಸ್ಟೇಷನ್ ಹೊರಗಿನ ವಡಾಪಾವ್ ಗಾಡಿ ಥರ.

ಚಿಕ್ಕವನಿದ್ದಾಗ ಅಮ್ಮನ ಹತ್ತಿರ ಏನು ಕೇಳಿದರೂ "ಅಲ್ಲೇ ಇತ್ತ್ ಕಾಣ್" ಅನ್ನುತ್ತಿದ್ದಳು. ನಾವು ಕುಂದಾಪುರದವರು. ನಮ್ಮಲ್ಲಿ 'ಇತ್ತ್' ಅಂದರೆ ಈಗ ಇದೆ ಅಂತ. ಉಳಿದ ಕರ್ನಾಟಕಕ್ಕೆ ಅದು ಮುಗಿದುಹೋದ ಕತೆ. ಈ ಒಂದು ಪದದಿಂದ ಮುಂಬೈಯಲ್ಲಿ ಬೇರೆ ಕಡೆಯ ಕನ್ನಡಿಗರ ಜೊತೆ ನನಗೆ ಆಗಿರುವ ಗೊಂದಲ ಒಂದೆರಡಲ್ಲ. ಇರಲಿ. ಅಮ್ಮನಿಗೆ 'ಅಲ್ಲಿ' ಎಂದರೆ ಎಲ್ಲಿ ಅಂತ ಅಪ್ಪನಿಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು. ನನಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಈಗ ಎಂಟರ್ ಒತ್ತುವಾಗ ನಾನೇ ಅಮ್ಮನ ಜಾಗದಲ್ಲಿ ಇದ್ದೇನೆ. "ಅಲ್ಲಿ ತೆರಿ" ಅನ್ನುತ್ತೇನೆ. ಅಲ್ಲಿ ಅಂದರೆ ಎಲ್ಲಿ ಅಂತ ಎಡಿಟರ್‌ಗೆ ಹೇಗೆ ಗೊತ್ತಾಗಬೇಕು?

ಸೊನ್ನೆಯಿಂದ ನಾಲ್ಕು

ನೆಟ್‌ಆರ್‌ಡಬ್ಲ್ಯೂ ಬರೆದವರು ಈ ಪ್ರಶ್ನೆ ಯೋಚಿಸದೆ ಬಿಟ್ಟಿಲ್ಲ. ಬ್ರೌಸ್ ಸ್ಪ್ಲಿಟ್ ಅಂತ ಒಂದು ಸೆಟ್ಟಿಂಗ್ ಇದೆ, ಅದಕ್ಕೆ 0ಯಿಂದ 4ರ ತನಕ ಬೆಲೆ ಕೊಡಬಹುದು. ಸೊನ್ನೆ ಅಂದರೆ ಪಟ್ಟಿ ಇದ್ದ ಕಿಟಕಿಯಲ್ಲೇ ಫೈಲು. ನಾವು ಏನೂ ಹೇಳದಿದ್ದರೆ ಆಗುವುದು ಇದೇ. 1 ಕೊಟ್ಟರೆ ಕಿಟಕಿಯನ್ನು ಅಡ್ಡಡ್ಡ ಸೀಳಿ ಹೊಸದರಲ್ಲಿ ತೆರೆಯುತ್ತದೆ, 2 ಕೊಟ್ಟರೆ ಉದ್ದಕ್ಕೆ ಸೀಳಿ, 3 ಕೊಟ್ಟರೆ ಹೊಸ ಟ್ಯಾಬಿನಲ್ಲಿ. ಸೆಟ್ಟಿಂಗ್ ಮುಟ್ಟದೆ ಒಂದೊಂದು ಸಲಕ್ಕೆ ಸಾಕು ಅನ್ನುವವರಿಗೆ ಓ, ವಿ, ಟಿ ಕೀಲಿಗಳಿವೆ, ಇದೇ ಮೂರು ಕೆಲಸಕ್ಕೆ. ಸೀಳುವುದರ ಗೋಳು ಎಂತದು ಅಂದರೆ, ಆರು ಫೈಲು ನೋಡುವಷ್ಟರಲ್ಲಿ ಪರದೆಯಲ್ಲಿ ಆರು ಸಂದಿಗಳಾಗುತ್ತವೆ. ಚಾಳಿನ ಖೋಲಿಗೆ ಪಾರ್ಟಿಷನ್ ಹಾಕುತ್ತಾ ಹೋದ ಹಾಗೆ.

ಎಲ್ಲರೂ ಕೊನೆಗೆ ಬಂದು ನಿಲ್ಲುವುದು 4ಕ್ಕೆ. ದೊಡ್ಡಕ್ಷರದ ಪಿ ಒತ್ತಿದರೂ ಅದೇ. ಹಿಂದೆ ಯಾವ ಕಿಟಕಿಯಲ್ಲಿ ಇದ್ದೆವೋ ಅದರಲ್ಲಿ ಫೈಲು ತೆರೆಯುತ್ತದೆ. ಕೇಳಲಿಕ್ಕೆ ಎಷ್ಟು ಸರಿ ಅನ್ನಿಸುತ್ತದೆ ಅಲ್ವಾ? ಕೋಡ್ ಕಿಟಕಿಯಲ್ಲಿದ್ದೆ, ಪಟ್ಟಿಗೆ ಬಂದೆ, ಒಂದು ಹೆಸರು ಆರಿಸಿದೆ, ಫೈಲು ಕೋಡ್ ಕಿಟಕಿಗೆ ಹೋಯಿತು. ಕಿಟಕಿ ಎರಡೇ ಇದ್ದರೆ ಇದರಷ್ಟು ಸುಖ ಬೇರೆ ಇಲ್ಲ. ನಾನು ವರ್ಷಗಟ್ಟಲೆ ಇದೇ ಇಟ್ಟುಕೊಂಡಿದ್ದೆ. ಜೊತೆಗೆ ಪಟ್ಟಿ ಪರದೆಯ ನಾಲ್ಕನೇ ಒಂದು ಭಾಗ ಸಾಕು ಅಂತ ವಿನ್‌ಸೈಜ್ 25, ಮರದ ಥರ ಕಾಣಲಿ ಅಂತ ಲಿಸ್ಟ್ ಸ್ಟೈಲ್ 3. ಎಲ್ಲಿಂದಲೋ ಕಾಪಿ ಮಾಡಿದ ಸಾಲುಗಳು, ಎಲ್ಲರ ಹತ್ತಿರವೂ ಇರುವಂಥವು.

ನಾಲ್ಕು ಕೈಕೊಟ್ಟದ್ದು ಒಂದು ಶನಿವಾರ ರಾತ್ರಿ. ಆಗ ಡೊಂಬಿವಲಿಯ ಮನೆಯಿಂದಲೇ ಕೆಲಸ. ಫೋನಿನಲ್ಲಿ ನಮ್ಮ ತಂಡದ ಹಿರಿಯರೊಬ್ಬರು, ಧಾರವಾಡದ ಕಡೆಯವರು. ಪರದೆಯಲ್ಲಿ ಮೂರು ಕಿಟಕಿ. ಎಡಗಡೆ ಪಟ್ಟಿ, ಬಲಗಡೆ ಮೇಲೆ ಟೆಸ್ಟ್ ಸಿಸ್ಟಂನ ಸೆಟ್ಟಿಂಗ್ಸ್ ಫೈಲು, ಕೆಳಗೆ ಸಿಸ್ಟಂ ಏನೇನು ಮಾಡಿತು ಅಂತ ಬರೆದಿಡುವ ಲಾಗ್. ಟೆಸ್ಟ್‌ನಲ್ಲಿ ಕಾಯುವ ಸಮಯವನ್ನು ಬೇಕಂತಲೇ 30 ಸೆಕೆಂಡಿನಿಂದ 3ಕ್ಕೆ ಇಳಿಸಿ, ಸಮಯ ಮೀರಿದರೆ ಸಿಸ್ಟಂ ಏನು ಮಾಡುತ್ತದೆ ಅಂತ ನೋಡಬೇಕಿತ್ತು. ಅದಕ್ಕೆ ಮೊದಲು ಪ್ರೊಡಕ್ಷನ್‌ನ, ಅಂದರೆ ಜನ ನಿಜವಾಗಿ ಬಳಸುವ ಸಿಸ್ಟಂನ, ಫೈಲಿನಲ್ಲಿ ಎಷ್ಟಿದೆ ಅಂತ ಒಮ್ಮೆ ಕಣ್ಣಾಡಿಸೋಣ ಅನ್ನಿಸಿತು. ಎರಡು ಫೈಲಿನ ಹೆಸರೂ ಒಂದೇ, ಫೋಲ್ಡರ್ ಮಾತ್ರ ಬೇರೆ. ಎರಡೂ ಒಂದೇ ಮೆಷಿನ್ನಿನಿಂದ ಕೈಗೆ ಸಿಗುವಂತೆ ಇಟ್ಟದ್ದೇ ಮೊದಲ ತಪ್ಪು, ಆ ಮಾತು ಬೇರೆ.

ನಾನು ಲಾಗ್ ಕಿಟಕಿಯಲ್ಲಿದ್ದೆ. ಪ್ರೊಡಕ್ಷನ್ ಫೈಲು ಲಾಗ್ ಇದ್ದ ಕಡೆ ತೆರೆಯಲಿ, ಮೇಲೆ ಟೆಸ್ಟ್, ಕೆಳಗೆ ಪ್ರೊಡಕ್ಷನ್, ಎರಡನ್ನೂ ನೋಡುತ್ತೇನೆ ಅಂತ ಲೆಕ್ಕ. ಅಲ್ಲಿಂದ ಸೀದಾ ಎಡಕ್ಕೆ ಹಾರಿದ್ದರೆ ಲೆಕ್ಕ ಸರಿಯಾಗುತ್ತಿತ್ತು. ನನ್ನ ಬೆರಳಿಗೆ ಬೇರೆಯೇ ಅಭ್ಯಾಸ. ಮೊದಲು ಮೇಲಕ್ಕೆ, ಆಮೇಲೆ ಎಡಕ್ಕೆ. ಕಂಟ್ರೋಲ್-ಡಬ್ಲ್ಯೂ ಕೆ, ಕಂಟ್ರೋಲ್-ಡಬ್ಲ್ಯೂ ಎಚ್. ಮೇಲಿನ ಕಿಟಕಿಯಲ್ಲಿ ಅರ್ಧ ಸೆಕೆಂಡ್ ಕಾಲಿಟ್ಟೆ ಅಷ್ಟೆ. ವಿಮ್‌ಗೆ ಅಷ್ಟು ಸಾಕು. ಅದರ ಪ್ರಕಾರ ನಾನು 'ಹಿಂದೆ ಇದ್ದ ಕಿಟಕಿ' ಈಗ ಮೇಲಿನದು. ಎಂಟರ್ ಒತ್ತಿದೆ. ಟೆಸ್ಟ್ ಫೈಲು ಸರಿದು ಅದರ ಜಾಗಕ್ಕೆ ಪ್ರೊಡಕ್ಷನ್ ಫೈಲು ಬಂತು. ಎರಡೂ ನೋಡಲಿಕ್ಕೆ ಅವಳಿ ಮಕ್ಕಳು. ಕಿಟಕಿಯ ಅಡಿಯಲ್ಲಿ ಹೆಸರು ತೋರಿಸುವ ಸಾಲಿನಲ್ಲಿ ಫೈಲಿನ ಪೂರ್ತಿ ದಾರಿ ತೋರಿಸುವಂತೆ ಇದ್ದಿದ್ದರೆ ಗೊತ್ತಾಗುತ್ತಿತ್ತೇನೋ. ಚಂದ ಕಾಣಲಿ ಅಂತ ಹೆಸರಷ್ಟೇ ಉಳಿಸಿಕೊಂಡಿದ್ದೆ. ಕೆಳಗೆ ಲಾಗ್ ಹಾಗೇ ಇದೆಯಲ್ಲ, ಹಾಗಾದರೆ ಈಗ ತೆರೆದ ಫೈಲು ಎಲ್ಲಿ ಹೋಯಿತು ಅಂತಾದರೂ ಅನುಮಾನ ಬರಬೇಕಿತ್ತು. ರಾತ್ರಿ 12 ಗಂಟೆಗೆ ಬರಲಿಲ್ಲ. ಕಿವಿಯಲ್ಲಿ ಫೋನು, ಆ ಕಡೆಯಿಂದ "ಮಾಡ್ರಿ ಮಾಡ್ರಿ, ಮೂರು ಮಾಡ್ರಿ" ಅಂತ ದನಿ. ಮೇಲಿನ ಕಿಟಕಿಗೆ ಹೋಗಿ 30 ಅಳಿಸಿ 3 ಬರೆದು ಸೇವ್ ಮಾಡಿದೆ.

ಐದು ನಿಮಿಷಕ್ಕೆ ಪ್ರೊಡಕ್ಷನ್‌ನಿಂದ ಅಲರ್ಟ್ ಶುರು. ಒಂದು, ನಾಲ್ಕು, ಇಪ್ಪತ್ತು. ನಾವು ಟೆಸ್ಟ್ ಫೈಲು ಮುಟ್ಟಿದರೆ ಪ್ರೊಡಕ್ಷನ್ ಯಾಕೆ ಅಳುತ್ತದೆ ಅಂತ ಇಬ್ಬರೂ ತಲೆ ಕೆರೆದುಕೊಂಡೆವು. ಆಮೇಲೆ ಅವರು ನಿಧಾನವಾಗಿ ಕೇಳಿದರು: "ನೀವು ಬದಲ್ ಮಾಡಿದ್ದು ಯಾವ ಖಿಡಕ್ಯಾಗ್ರಿ?" ಮೇಲಿನದರಲ್ಲಿ ಸಾರ್ ಅಂದೆ. "ಮ್ಯಾಲೆ ಯಾವ ಫೈಲ್ ಐತಿ?" ಟೆಸ್ಟ್ ಸಾರ್. "ನೋಡಿ ಹೇಳ್ರಿ." ನೋಡಿದೆ. ಬೆನ್ನಿನಲ್ಲಿ ಬೆವರು ಇಳಿದದ್ದು ಇನ್ನೂ ನೆನಪಿದೆ. 3ನ್ನು ಮತ್ತೆ 30 ಮಾಡಿ ಎಲ್ಲ ತಣ್ಣಗಾಗುವಷ್ಟರಲ್ಲಿ ಇಪ್ಪತ್ತು ನಿಮಿಷ. ಶನಿವಾರ ರಾತ್ರಿ ಆದ್ದರಿಂದ ಬಚಾವ್. ಸೋಮವಾರ ಬರೆದ ವರದಿಯಲ್ಲಿ 'ಮಾನವ ದೋಷ' ಅಂತ ಬರೆದೆ. ಅದು ಸುಳ್ಳಲ್ಲ. ಆದರೆ ಆ ಎರಡು ಪದದ ಒಳಗೆ ಆ ಅರ್ಧ ಸೆಕೆಂಡಿನ ಕಾಲಿಡುವಿಕೆ ಇದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಮಾವನ ಹೋಟೆಲಿನ ಎಣಿಕೆ

ಆಮೇಲೆ ನಾಲ್ಕನ್ನು ಬಿಟ್ಟು ನಂಬರಿಗೆ ಬಂದೆ. ನೆಟ್‌ಆರ್‌ಡಬ್ಲ್ಯೂನಲ್ಲಿ ಯಾವ ಕಿಟಕಿಯಲ್ಲಿ ತೆರೆಯಬೇಕು ಅಂತ ನಂಬರ್ ಹೇಳಿಯೇ ಇಡಬಹುದು, ಚೇಂಜ್ ವಿನ್ ಅನ್ನುವ ಸೆಟ್ಟಿಂಗಿನಲ್ಲಿ. ಎಲ್-ಎಕ್ಸ್‌ಪ್ಲೋರ್ ಅನ್ನುವ ಆಜ್ಞೆ ಕೊಟ್ಟರೆ ಪಟ್ಟಿ ಎಡ ಅಂಚಿನಲ್ಲಿ ಉದ್ದಕ್ಕೆ ತೆರೆದು, ಈ ನಂಬರನ್ನು ತಾನಾಗಿಯೇ 2 ಅಂತ ಇಟ್ಟುಕೊಳ್ಳುತ್ತದೆ. ಪಟ್ಟಿ 1, ಅದರ ಪಕ್ಕದ ಕಿಟಕಿ 2. ಇನ್ನು ನನ್ನ ಬೆರಳು ಎಲ್ಲೆಲ್ಲಿ ಅಲೆದರೂ ಚಿಂತೆ ಇಲ್ಲ, ಫೈಲು ಎರಡಕ್ಕೇ ಹೋಗುತ್ತದೆ. ಇಷ್ಟು ಸುಲಭವಾ ಅನ್ನಿಸಿ ಒಂದು ವಾರ ಖುಷಿಯಲ್ಲಿದ್ದೆ. ಆ ಖುಷಿ ನೋಡಿದ್ದರೆ ನನ್ನ ಮಾವ ನಕ್ಕಿರುತ್ತಿದ್ದರು.

ಊರಿನಿಂದ ಮುಂಬೈಗೆ ಬಂದಾಗ ಕೆಲಸ ಸಿಗುವ ತನಕ ಎಂಟು ತಿಂಗಳು ಸೋದರಮಾವನ ಮನೆಯಲ್ಲಿದ್ದೆ. ಘಾಟ್ಕೋಪರ್‌ನಲ್ಲಿ ಅವರದೊಂದು ಸಣ್ಣ ಉಡುಪಿ ಹೋಟೆಲು. ಹನ್ನೊಂದು ಟೇಬಲ್. ಸುಮ್ನೆ ಕೂತು ಉಣ್ಣಲಿಕ್ಕೆ ನಾಚಿಕೆಯಾಗಿ ಭಾನುವಾರ ಹೋಗಿ ನಿಲ್ಲುತ್ತಿದ್ದೆ. ಕುಂದಾಪುರದಲ್ಲಿ ಹುಡುಗನಿಗೂ ಮಾಣಿ ಅನ್ನುತ್ತಾರೆ, ಹೋಟೆಲಿನಲ್ಲಿ ತಿಂಡಿ ತಂದುಕೊಡುವವನಿಗೂ ಮಾಣಿ ಅನ್ನುತ್ತಾರೆ. ಮಾವ ನನ್ನನ್ನು ಕರೆಯುವಾಗ ಯಾವ ಅರ್ಥದಲ್ಲಿ ಕರೆಯುತ್ತಿದ್ದರೋ, ನಾನು ಕೇಳಲಿಲ್ಲ.

ಮೊದಲ ಭಾನುವಾರ ಬಾಗಿಲಿನಿಂದ ಎಣಿಸಿಕೊಂಡೆ. ಎಡಗಡೆ ಒಂದರಿಂದ ಐದು, ಹಿಂದೆ ಆರು ಏಳು, ಬಲಗಡೆ ಎಂಟರಿಂದ ಹನ್ನೊಂದು. ಅಡುಗೆಮನೆಯ ಕಂಡಿಯಲ್ಲಿ ಭಟ್ರು ತಟ್ಟೆ ಇಟ್ಟು ಆರಕ್ಕೆ ಮಸಾಲೆ ಎರಡು ಅಂದರೆ ಆರಕ್ಕೆ ಒಯ್ಯುವುದು. ಒಂಬತ್ತೂವರೆ ತನಕ ಎಲ್ಲ ಸರಿಯಿತ್ತು. ಆಮೇಲೆ ಒಂದು ಗುಜರಾತಿ ಕುಟುಂಬ ಬಂತು, ಎಂಟು ಜನ. ಕ್ಲೀನರ್ ಹುಡುಗ ಬಂದು ಮೂರು ಮತ್ತು ನಾಲ್ಕನ್ನು ಎಳೆದು ಜೋಡಿಸಿದ. ನಾನು ಒಳಗಿನಿಂದ ಬಂದವನು ಮತ್ತೆ ಬಾಗಿಲಿನಿಂದ ಎಣಿಸಿದೆ. ಜೋಡಿಸಿದ್ದು ಮೂರು. ಅದರ ಆಚೆಯದು ನಾಲ್ಕು. ಅಲ್ಲಿಂದ ಎಲ್ಲವೂ ಒಂದೊಂದು ಹಿಂದೆ ಸರಿಯಿತು. ಐದರವರ ಇಡ್ಲಿ ಆರಕ್ಕೆ ಹೋಯಿತು, ಆರರವರ ಮಸಾಲೆ ಏಳಕ್ಕೆ. ಏಳರಲ್ಲಿದ್ದ ಮುದುಕರು ಏನೂ ಹೇಳದೆ ಬಂದದ್ದನ್ನು ತಿಂದರು. ಅವರು ಕೇಳಿದ್ದು ಬರೀ ಚಹಾ.

ಮಾವ ಗಲ್ಲಾದಿಂದ ಎದ್ದು ಬಂದು ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. "ನಂಬ್ರ್ ಎಣಿಸ್ಬೇಡ ಮಾಣಿ, ಟೇಬಲ್ ಕಾಣ್" ಅಂದರು. ಅವರ ಬಾಯಲ್ಲಿ ಟೇಬಲ್‌ಗಳಿಗೆ ನಂಬರೇ ಇರಲಿಲ್ಲ. ಫ್ಯಾನಿನ ಅಡಿಯದ್ದು. ಬೇಸಿನ್ ಬದಿಯದ್ದು. ಕಾಲು ಅಲ್ಲಾಡುವುದು. ಪೇಪರ್ ಅಜ್ಜನದ್ದು, ಏಳರ ಮುದುಕರೇ ಪೇಪರ್ ಅಜ್ಜ. ಎಷ್ಟು ಟೇಬಲ್ ಜೋಡಿಸಿದರೂ ಬಿಡಿಸಿದರೂ ಕಾಲು ಅಲ್ಲಾಡುವುದು ಕಾಲು ಅಲ್ಲಾಡುವುದೇ. ಇನ್ನೊಂದಿತ್ತು, ಗಲ್ಲಾಕ್ಕೆ ತಾಗಿ ಒಂದು ಸಣ್ಣ ಟೇಬಲ್. ಅದರ ಮೇಲೆ ಲೆಕ್ಕದ ಪುಸ್ತಕ, ಬಿಲ್ಲುಗಳ ಕಟ್ಟು, ಮಾವನ ಕನ್ನಡಕದ ಡಬ್ಬಿ. ಹೊರಗೆ ಕ್ಯೂ ರಸ್ತೆಗೆ ತಾಗಿದರೂ ಅಲ್ಲಿ ಗಿರಾಕಿಯನ್ನು ಕೂರಿಸುವ ಹಾಗಿಲ್ಲ.

ವಿಮ್ ಕಿಟಕಿಗಳನ್ನು ಎಣಿಸುವುದು ನಾನು ಆವತ್ತು ಎಣಿಸಿದ ಹಾಗೇ. ಮೇಲಿನ ಎಡ ಮೂಲೆಯಿಂದ ಹಿಡಿದು ಇರುವುದನ್ನು ಇರುವ ಹಾಗೆ ಒಂದು, ಎರಡು, ಮೂರು. ಹೊಸದು ಬಂದರೆ ಮತ್ತೆ ಮೊದಲಿನಿಂದ. ನನ್ನ ಒಂದು ವಾರದ ಖುಷಿ ಮುಗಿದದ್ದು ಹೆಲ್ಪ್ ತೆರೆದಾಗ. ನಾವಿರುವ ಕಿಟಕಿ ಅಗಲವಾಗಿದ್ದರೆ ಹೆಲ್ಪ್ ಅದರ ತಲೆಯ ಮೇಲೆ ತೆರೆಯುತ್ತದೆ. ಆಗ ಹೆಲ್ಪ್ 2, ನನ್ನ ಕೋಡ್ 3. ಪಟ್ಟಿಯಲ್ಲಿ ಎಂಟರ್ ಒತ್ತಿದರೆ ಫೈಲು ಹೆಲ್ಪ್ ಕಿಟಕಿಗೆ. ನಾವಿರುವ ಕಿಟಕಿ 80 ಅಕ್ಷರಕ್ಕಿಂತ ಕಿರಿದಾಗಿದ್ದು, ಪಕ್ಕದಲ್ಲಿ ಇನ್ನೊಂದಿದ್ದರೆ ಹೆಲ್ಪ್ ಇಡೀ ಪರದೆಯ ನೆತ್ತಿಗೇ ಹೋಗಿ ಕೂರುತ್ತದೆ. ಆಗ ಅದು 1, ಪಟ್ಟಿಯೇ 2. ಎಂಟರ್ ಒತ್ತಿದರೆ ಫೈಲು ಪಟ್ಟಿಯ ಮೇಲೆಯೇ ಬಂದು ಬೀಳುತ್ತದೆ. ಗಲ್ಲಾದ ಕುರ್ಚಿಯಲ್ಲೇ ಗಿರಾಕಿ.

ಎರಡು ಒಂದನೇ ಪ್ಲಾಟ್‌ಫಾರ್ಮ್

ಆ ಎಂಟು ತಿಂಗಳಲ್ಲೇ ಇನ್ನೊಂದು ಆಯಿತು. ಅಂಧೇರಿಯಲ್ಲಿ ಇಂಟರ್‌ವ್ಯೂ ಮುಗಿಸಿ ಬರುವಾಗ ಮಾವ ಫೋನ್ ಮಾಡಿ, ತಾನೂ ಮಾಟುಂಗಾಕ್ಕೆ ಬಂದಿದ್ದೇನೆ, ದಾದರ್‌ನಲ್ಲಿ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲು, ಒಟ್ಟಿಗೆ ಹೋಗೋಣ ಅಂದರು. ನಾನು ಇಳಿದು ಬೋರ್ಡ್ ನೋಡಿ ಒಂದನೇ ಪ್ಲಾಟ್‌ಫಾರ್ಮಿನಲ್ಲೇ ನಿಂತೆ. ಮುಕ್ಕಾಲು ಗಂಟೆ. ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಮಾವನೂ ಒಂದನೇ ಪ್ಲಾಟ್‌ಫಾರ್ಮಿನಲ್ಲೇ ಮುಕ್ಕಾಲು ಗಂಟೆ ನಿಂತಿದ್ದರು. ಮುಂಬೈಯವರಿಗೆ ಹೇಳಬೇಕಿಲ್ಲ. ನಾನಿದ್ದದ್ದು ವೆಸ್ಟರ್ನ್ ರೈಲ್ವೆಯ ಒಂದು, ಅವರಿದ್ದದ್ದು ಸೆಂಟ್ರಲ್ ರೈಲ್ವೆಯ ಒಂದು. ಒಂದೇ ಸ್ಟೇಷನ್, ಎರಡು ಒಂದು.

2023ರ ಡಿಸೆಂಬರ್ 9ರಿಂದ ಆ ಗೋಳು ಇಲ್ಲ. ವೆಸ್ಟರ್ನ್‌ನ ಒಂದರಿಂದ ಏಳು ಹಾಗೇ ಉಳಿದು, ಸೆಂಟ್ರಲ್‌ನವಕ್ಕೆ 8ರಿಂದ 14 ಅಂತ ಹೊಸ ನಂಬರ್ ಕೊಟ್ಟರು. ಹಳೇ ಸೆಂಟ್ರಲ್ ಒಂದು ಈಗ ಎಂಟು. ಮೊದಲ ದಿನಗಳಲ್ಲಿ ಜನ ಎಷ್ಟು ಬೈದರೋ ಅಷ್ಟೇ ಬೇಗ ಒಗ್ಗಿಕೊಂಡರು. ಮಾವ ಮಾತ್ರ ಇನ್ನೂ ಸೆಂಟ್ರಲಿನ ಒಂದು ಅಂತಲೇ ಅನ್ನುತ್ತಾರೆ.

ವಿಮ್‌ನಲ್ಲಿ ಟ್ಯಾಬ್ ಬಳಸುವವರಿಗೆ ದಾದರ್ ಇನ್ನೂ ಹಳೇ ದಾದರೇ. ಪ್ರತಿ ಟ್ಯಾಬಿಗೂ ತನ್ನದೇ ಒಂದು, ತನ್ನದೇ ಎರಡು. ಹಾಗಂತ ವಿಮ್‌ಗೆ ಹೊಸ ಲೆಕ್ಕ ಗೊತ್ತಿಲ್ಲ ಅಂತಲ್ಲ. ವಿಮ್ 8 ಬರುವಷ್ಟರಲ್ಲಿ ಪ್ರತಿ ಕಿಟಕಿಗೂ ಒಂದು ಐಡಿ ಬಂತು. ಅದು 1000ದಿಂದ ಶುರು. ಕಿಟಕಿ ಎಲ್ಲಿಗೆ ಸರಿದರೂ, ಅಕ್ಕಪಕ್ಕ ಏನೇ ತೆರೆದರೂ ಮುಚ್ಚಿದರೂ, ಯಾವ ಟ್ಯಾಬಿನಲ್ಲಿದ್ದರೂ ಆ ಐಡಿ ಬದಲಾಗುವುದಿಲ್ಲ. ಕಾಲು ಅಲ್ಲಾಡುವ ಟೇಬಲ್ ಕಾಲು ಅಲ್ಲಾಡುವ ಟೇಬಲ್ಲೇ. ನನಗೆ ಸಿಟ್ಟು ಬರುವುದು ಇಲ್ಲಿ. ಐಡಿ ಇದೆ, ಆದರೆ ನೆಟ್‌ಆರ್‌ಡಬ್ಲ್ಯೂನ ಆ ಸೆಟ್ಟಿಂಗ್ ಕೇಳುವುದು ಹಳೇ ನಂಬರನ್ನೇ. ಒಂದು ಭಾನುವಾರ ಕೂತು, ಪಟ್ಟಿಗೆ ಕಾಲಿಟ್ಟ ಕೂಡಲೇ ನಾನು ಗುರುತು ಹಾಕಿದ ಕಿಟಕಿಯ ಐಡಿ ಹಿಡಿದು, ಈ ಕ್ಷಣಕ್ಕೆ ಅದರ ನಂಬರ್ ಎಷ್ಟು ಅಂತ ನೋಡಿ, ಅದನ್ನು ಸೆಟ್ಟಿಂಗಿಗೆ ತುಂಬುವ ಹಾಗೆ ಹತ್ತು ಸಾಲು ಬರೆದೆ. ಕೆಲಸ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಮಾಡಿಟ್ಟುಕೊಂಡ ಮದ್ದು ಅಂದೆನಲ್ಲ, ಅದು ಇದೇ.

ಲೆಕ್ಕದ ಪುಸ್ತಕದ ಟೇಬಲ್‌ಗೂ ಈಗ ವ್ಯವಸ್ಥೆ ಇದೆ. 2024ರಲ್ಲಿ ವಿಮ್‌ಗೂ ಅದರ ಕವಲಾದ ನಿಯೋವಿಮ್‌ಗೂ ವಿನ್‌ಫಿಕ್ಸ್‌ಬಫ್ ಅನ್ನುವ ಆಯ್ಕೆ ಬಂತು. ಒಂದು ಕಿಟಕಿಗೆ ಇದನ್ನು ಹಾಕಿದರೆ ಅದರಲ್ಲಿ ಬೇರೆ ಫೈಲು ತೆರೆಯಲು ವಿಮ್ ಬಿಡುವುದಿಲ್ಲ, ಇ1513 ಅಂತ ಎರರ್ ಕೊಟ್ಟು ಬಾಗಿಲಲ್ಲೇ ನಿಲ್ಲಿಸುತ್ತದೆ. ಲಾಗ್ ಕಿಟಕಿಗೆ ಹಾಕಿದ್ದೇನೆ. ಪಟ್ಟಿಗೆ ಹಾಕಲಿಲ್ಲ, ಫೋಲ್ಡರ್ ಬದಲಾದಾಗ ಅದೂ ಒಳಗಿನದನ್ನು ಬದಲಿಸಬೇಕಲ್ಲ. ಈಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರ್ ಬಳಸುವ ಗೆಳೆಯರು ಇದನ್ನು ಕೇಳಿ ನಗುತ್ತಾರೆ. ಅವರಲ್ಲಿ ಕಿಟಕಿಯನ್ನು ಒಂದೇ ಕೆಲಸಕ್ಕೆ ಮೀಸಲಿಡುವ ಪದ್ಧತಿ ಬಹಳ ಹಳೆಯದು. ನಗಲಿ.

ಪ್ಲಗಿನ್ ಹಾಕಲು ಸ್ವಾತಂತ್ರ್ಯ ಇರುವವರಿಗೆ ಬೇರೆ ದಾರಿಗಳೂ ಇವೆ. ನರ್ಡ್‌ಟ್ರೀ ಹಿಂದಿನ ಕಿಟಕಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಅದು ಬಳಸಬಹುದಾದ ಕಿಟಕಿಯಾ ಅಂತ ನೋಡಿ, ಅಲ್ಲದಿದ್ದರೆ ಬೇರೆಯದನ್ನು ಹುಡುಕುತ್ತದೆ. ನಿಯೋವಿಮ್‌ನ ನ್ವಿಮ್-ಟ್ರೀ ಇನ್ನೂ ವಿನಯದ್ದು. ಕಿಟಕಿ ಜಾಸ್ತಿ ಇದ್ದರೆ ಒಂದೊಂದರ ಮೇಲೂ ಎ, ಬಿ, ಸಿ ಅಂತ ಅಕ್ಷರ ತೋರಿಸಿ, ಯಾವುದರಲ್ಲಿ ತೆರೆಯಲಿ ಅಂತ ಕೇಳುತ್ತದೆ. ಹೆಲ್ಪ್, ಟರ್ಮಿನಲ್ ಇಂಥವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪಾಗುವ ಸಾಧ್ಯತೆ ಇದರಲ್ಲೇ ಕಡಿಮೆ ಅಂತ ಒಪ್ಪುತ್ತೇನೆ. ಆದರೂ ನನಗೆ ಒಗ್ಗಲಿಲ್ಲ. ದಿನಕ್ಕೆ ಅರವತ್ತು ಸಲ ಎಲ್ಲಿ ಕೂರ್ತೀರಿ ಸಾರ್ ಅಂತ ಕೇಳುವ ಹೋಟೆಲಿಗೆ ದಿನಾ ಹೋಗಲಿಕ್ಕೆ ಆಗುತ್ತಾ?

ಮೊದಲು ಕೂತ್ಕೊಳ್ಳಿ

ಮತ್ತೆ ಮಂಗಳವಾರಕ್ಕೆ. ನನ್ನ ಹತ್ತು ಸಾಲು, ನನ್ನ ಐಡಿ, ನನ್ನ ವಿನ್‌ಫಿಕ್ಸ್‌ಬಫ್, ಎಲ್ಲ ಡೊಂಬಿವಲಿಯ ಮನೆಯಲ್ಲಿ. ಆ ಸರ್ವರಿನ ವಿಮ್ ಹಳೆಯದು, ಆ ಆಯ್ಕೆ ಅದಕ್ಕೆ ಗೊತ್ತೇ ಇಲ್ಲ. ಓಣಿಯಲ್ಲಿ ಮುದುಡಿ ಕೂತ ಫೈಲನ್ನು ನೋಡುತ್ತಾ, ಆರ್-ಎಕ್ಸ್‌ಪ್ಲೋರ್ ಅಂತ ಬರೆದು ಪಟ್ಟಿಯನ್ನು ವಾಪಸ್ ಕರೆಯುತ್ತಾ, ಸೊನ್ನೆಯನ್ನು ಯಾಕೆ ಮೊದಲ ಆಯ್ಕೆಯಾಗಿ ಇಟ್ಟರು ಅಂತ ಮೊದಲ ಸಲ ಯೋಚನೆ ಬಂತು. ಇಷ್ಟು ವರ್ಷ ಅದನ್ನು ಪೆದ್ದುತನ ಅಂತಲೇ ಅಂದುಕೊಂಡಿದ್ದೆ.

ಬಿಲ್ ಜಾಯ್ 1976ರಲ್ಲಿ ವಿಮ್‌ನ ಪೂರ್ವಜ ವಿ-ಐ ಬರೆಯುವ ಕಾಲಕ್ಕೆ ಪರದೆ ಅಂದರೆ 24 ಸಾಲಿನ ಟರ್ಮಿನಲ್. ಎಡಗಡೆ ಪಟ್ಟಿ ಇಟ್ಟುಕೊಳ್ಳಲು ಜಾಗ ಎಲ್ಲಿ? 1991ರಲ್ಲಿ ಬ್ರಾಮ್ ಮೂಲೆನಾರ್ ಅಮಿಗಾ ಕಂಪ್ಯೂಟರಿಗೆ ವಿಮ್ ತಂದರು, 1994ರ ಮೂರನೇ ಆವೃತ್ತಿಯಲ್ಲಿ ಒಂದಕ್ಕಿಂತ ಜಾಸ್ತಿ ಕಿಟಕಿ ಬಂತು. ವಿಮ್‌ನ ಹೆಲ್ಪ್ ಓದಿದರೆ ಅಲ್ಲಿ ಫೈಲು ಕಿಟಕಿಯ ಒಳಗೆ ಇರುವುದಿಲ್ಲ. ಫೈಲಿನ ಬರಹ ಬಫರ್ ಆಗಿ ನೆನಪಿನಲ್ಲಿ ಇರುತ್ತದೆ, ಕಿಟಕಿ ಅದನ್ನು ನೋಡುವ ಕಂಡಿ ಅಷ್ಟೆ. ಫೈಲು ಯಾವ ಕಿಟಕಿಗೂ 'ಹೋಗುವುದಿಲ್ಲ', ಕಿಟಕಿ ಅದರ ಕಡೆ ತಿರುಗುತ್ತದೆ. ಉಡುಪಿಯಲ್ಲಿ ಕನಕನಿಗಾಗಿ ದೇವರೇ ಕಿಂಡಿಯ ಕಡೆ ತಿರುಗಿದ ಕತೆ ಕೇಳಿ ಬೆಳೆದವನಿಗೆ ಇದು ಸ್ವಲ್ಪ ಉಲ್ಟಾ ಅನ್ನಿಸುತ್ತದೆ. ಆದರೆ ಹಾಗೆ ನೋಡಿದರೆ ಸೊನ್ನೆ ಸರಿ. ನಾನು ಇರುವ ಕಿಟಕಿಯಲ್ಲೇ ಪಟ್ಟಿ ತೆರೆಯುತ್ತೇನೆ, ಆರಿಸುತ್ತೇನೆ, ಅದೇ ಕಿಟಕಿ ಪಟ್ಟಿಯಿಂದ ಫೈಲಿಗೆ ತಿರುಗುತ್ತದೆ. ಎಡಗಡೆ ಕಾಯಂ ಪಟ್ಟಿ ಇಟ್ಟು ಬೇರೆ ಎಲ್ಲೋ ತೆರಿ ಅಂತ ಹೇಳುತ್ತಿದ್ದವನು ನಾನು. ಟಿಮ್ ಪೋಪ್ ಅವರ ವಿನೆಗರ್ ಪ್ಲಗಿನ್ ಬಳಸುವವರಿಗೆ ಇದು ಹೊಸದಲ್ಲ, ಅವರು ಮೈನಸ್ ಕೀಲಿ ಒತ್ತಿ ಇದ್ದಲ್ಲೇ ಪಟ್ಟಿ ಕರೆಸಿಕೊಳ್ಳುತ್ತಾರೆ.

ಮಾವನ ಹೋಟೆಲಿನಲ್ಲಿ ಬಾಗಿಲಲ್ಲೇ ನಿಂತು ಒಂದು ಮಸಾಲೆ ಅಂತ ಕೂಗುವ ಗಿರಾಕಿಗಳಿದ್ದರು. "ಪೆಹಲೇ ಬೈಠೋ ಸೇಠ್" ಅನ್ನುತ್ತಿದ್ದರು ಮಾವ. ಕೂತ ಮೇಲೆ ಆರ್ಡರ್. ಆಗ ತಟ್ಟೆ ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಮಂಗಳವಾರದಿಂದ ಸರ್ವರಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೇನೆ. ಪಟ್ಟಿಯನ್ನು ಮುಚ್ಚಿದೆ. ಫೈಲು ಎಲ್ಲಿ ಬೇಕೋ ಮೊದಲು ಆ ಕಿಟಕಿಗೆ ಹೋಗಿ ಕೂರುತ್ತೇನೆ. ಅಲ್ಲಿ ಪಟ್ಟಿ ತೆರೆಯುವ ಎಕ್ಸ್‌ಪ್ಲೋರ್ ಆಜ್ಞೆ ಕೊಡುತ್ತೇನೆ. ಎಂಟರ್. ಯಾವ ಸೆಟ್ಟಿಂಗೂ ಬೇಕಿಲ್ಲ. ಕಾಯಂ ಪಟ್ಟಿ ಕಣ್ಣಿಗೆ ಕಾಣದೆ ಸ್ವಲ್ಪ ಕಿರಿಕಿರಿ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ದೊಡ್ಡ ಪ್ರಾಜೆಕ್ಟಿನಲ್ಲಿ ಯಾವ ಫೋಲ್ಡರಿನ ಒಳಗೆ ಏನಿದೆ ಅಂತ ಮರದ ಹಾಗೆ ಕಾಣುವುದೇ ಒಂದು ಧೈರ್ಯ. ಲ್ಯಾಪ್‌ಟಾಪಿನಲ್ಲಿ ಆ ಮರ ಹಾಗೇ ಇದೆ, ಹತ್ತು ಸಾಲೂ ಇದೆ. ಫೈಲಿನ ಪೂರ್ತಿ ದಾರಿ ಕಿಟಕಿಯ ಅಡಿಯ ಸಾಲಿನಲ್ಲಿ ಕಾಣುವ ಹಾಗೆ ಆ ಶನಿವಾರದ ಮರುದಿನವೇ ಮಾಡಿದೆ. ಚಂದ ಕಾಣುವುದಿಲ್ಲ.

ನಿನ್ನೆ ಮಧ್ಯಾಹ್ನ ಧಾರವಾಡದ ಹಿರಿಯರಿಗೆ ಇದನ್ನೆಲ್ಲ ವಿವರಿಸುತ್ತಿದ್ದೆ. ಅವರು ವಿಮ್ ಬಿಟ್ಟು ವಿಎಸ್ ಕೋಡ್ ಅನ್ನುವ ಎಡಿಟರ್‌ಗೆ ಹೋಗಿ ಒಂದು ತಿಂಗಳಾಯಿತು. ನನ್ನ ಮಾತು ಕೇಳುತ್ತಾ ಅವರು ಎಡಗಡೆಯ ಪಟ್ಟಿಯಲ್ಲಿ ಒಂದು ಫೈಲನ್ನು ಕ್ಲಿಕ್ ಮಾಡಿದರು, ಓದಿದರು, ಇನ್ನೊಂದನ್ನು ಕ್ಲಿಕ್ ಮಾಡಿದರು. ಆಮೇಲೆ ಮೊದಲಿನದನ್ನು ಹುಡುಕಿದರು. ಅದರ ಟ್ಯಾಬ್ ಇಲ್ಲ. ಅಲ್ಲಿ ಒಂದು ಸಲ ಕ್ಲಿಕ್ ಮಾಡಿದರೆ ಫೈಲಿನ ಹೆಸರು ಓರೆ ಅಕ್ಷರದಲ್ಲಿ ಬರುತ್ತದೆ, ಸುಮ್ನೆ ನೋಡಲಿಕ್ಕೆ ಅಂತ. ಮುಂದಿನ ಕ್ಲಿಕ್ಕಿಗೆ ಅದೇ ಟ್ಯಾಬಿನಲ್ಲಿ ಬೇರೆ ಫೈಲು ಬಂದು ಕೂರುತ್ತದೆ. ಉಳಿಯಬೇಕಾದರೆ ಎರಡು ಸಲ ಕ್ಲಿಕ್ ಮಾಡಬೇಕು. ಇದನ್ನು ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರು ಪರದೆಗೆ ಬೆರಳು ತೋರಿಸಿ, "ಅಲ್ರೀ, ಇಲ್ಲೇ ಇತ್ತಲ್ರೀ!" ಅಂದರು.

ನನ್ನ ಕುಂದಾಪುರದ ಕಿವಿ ಪರದೆ ಕಡೆ ತಿರುಗಿ ಹುಡುಕಿತು. ಎಲ್ಲಿ ಇತ್ತ್?